ಸೌಟು ಯಾರ ಕೈಯಲ್ಲಿ, ಕಸಬರಿಗೆ ಯಾರ ಕೈಯಲ್ಲಿ: ಬಿಸಿಯೂಟದಲ್ಲಿ ಹುಡುಗಿಯರಿಗೆ ಸಮಪಾಲು ಸಿಗುವಂತೆ ಮಾಡುವ ಬಗೆ

ಬಿಸಿಯೂಟದ ಅಳತೆಪಟ್ಟಿ ಹುಡುಗ, ಹುಡುಗಿ ಎಂದು ನೋಡುವುದಿಲ್ಲ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. 6ರಿಂದ 8ನೇ ತರಗತಿಗೆ 150, 30, 75 ಮತ್ತು 7.5 ಗ್ರಾಂ. ಚಿಕ್ಕವರಿಗೆ 450 ಕ್ಯಾಲರಿ ಮತ್ತು 12 ಗ್ರಾಂ ಪ್ರೋಟೀನ್, ದೊಡ್ಡವರಿಗೆ 700 ಕ್ಯಾಲರಿ ಮತ್ತು 20 ಗ್ರಾಂ ಪ್ರೋಟೀನ್ ಸಿಗಬೇಕೆಂಬುದು ಲೆಕ್ಕ. ಭೇದ ಶುರುವಾಗುವುದು ಅನ್ನ ಬೆಂದ ಮೇಲೆ. ಯಾರು ಮೊದಲು ಕೂತರು, ಸಾರಿನ ತಿಳಿ ಯಾರಿಗೆ ಬಿತ್ತು, ತಳದ ಬೇಳೆ ಯಾರಿಗೆ ಬಂತು, ಎರಡನೇ ಸಲ ಯಾರು ಕೇಳಿ ಹಾಕಿಸಿಕೊಂಡರು, ಉಂಡಾದ ಮೇಲೆ ಕಸಬರಿಗೆ ಹಿಡಿದವರು ಯಾರು ಎಂಬಲ್ಲೆಲ್ಲ ಅದು ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಗೋಡೆಗೆ ಬರೆಸಿದ ಘೋಷಣೆ ಇದನ್ನು ಸರಿಮಾಡುವುದಿಲ್ಲ. ಸರಿಮಾಡಲು ತಕ್ಕಡಿ, ಅಳತೆಯ ಬಟ್ಟಲು, ಪಾಳಿ ಪಟ್ಟಿ ಮತ್ತು ಒಂದು ನೋಟ್‌ಬುಕ್ ಬೇಕು.

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮುಖ್ಯ ಶಿಕ್ಷಕರು, ಬಿಸಿಯೂಟದ ಉಸ್ತುವಾರಿ ಹೊತ್ತ ಗುರುಗಳು, ಅಕ್ಕೋರು (ಶಿಕ್ಷಕಿಯರು) ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ. 5ನೇ, 6ನೇ ತರಗತಿಯ ಹುಡುಗಿಯರ ಮೇಲೆ ಹೆಚ್ಚಿನ ಕಣ್ಣಿಡಲು ಕಾರಣವಿದೆ. ಹುಡುಗಿಯರ ಮೈ ಬೆಳವಣಿಗೆಯ ಜಿಗಿತ ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಬರುತ್ತದೆ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2020ರ ಪಟ್ಟಿಯಂತೆ 10ರಿಂದ 12 ವರ್ಷದ ಹುಡುಗನಿಗೆ ದಿನಕ್ಕೆ 16 ಮಿಲಿಗ್ರಾಂ ಕಬ್ಬಿಣದ ಅಂಶ ಬೇಕು, ಅದೇ ವಯಸ್ಸಿನ ಹುಡುಗಿಗೆ 28. ಮನೆಯಲ್ಲಿ "ಅಣ್ಣಗ ಮೊದ್ಲ ನೀಡು" ಎಂಬ ಪಾಠ ಗಟ್ಟಿಯಾಗುವುದೂ ಅದೇ ವಯಸ್ಸಿಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59.1 ಮಂದಿಗೆ ರಕ್ತಹೀನತೆ ಕಂಡುಬಂತು, ಹುಡುಗರಲ್ಲಿ ಶೇ. 31.1 ಮಂದಿಗೆ. ಬಿಸಿಯೂಟದ ಸಾಲು ಮನೆಯ ಸಾಲಿನಂತೆಯೇ ನಡೆದರೆ ಈ ಅಂತರ ಕಡಿಮೆಯಾಗುವುದಿಲ್ಲ.

ಮೊದಲ ವಾರ ಬರೀ ನೋಡಿ, ಏನನ್ನೂ ಬದಲಿಸಬೇಡಿ

ಒಬ್ಬ ಶಿಕ್ಷಕರು, ಒಬ್ಬ ಎಸ್‌ಡಿಎಂಸಿ ಸದಸ್ಯರು ಸಾಕು. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಪುಟ ಇಟ್ಟು, ಪ್ರತಿ ಸಾಲಿಗೆ ಹುಡುಗರ ಸಂಖ್ಯೆ, ಹುಡುಗಿಯರ ಸಂಖ್ಯೆ ಎಂದು ಎರಡೇ ಮನೆ ಮಾಡಿ. ಬರೆಯಬೇಕಾದದ್ದು ಇಷ್ಟು:

- ಊಟಕ್ಕೆ ಮೊದಲು ಮತ್ತು ಊಟದ ನಂತರ ಕಸ ಗುಡಿಸಿದವರು, ನೀರು ತಂದವರು, ಜಮಖಾನೆ ಹಾಸಿದವರು, ಬಡಿಸಿದವರು
- ಮೊದಲ ಹತ್ತು ತಾಟು ಯಾರವು, ಕೊನೆಯ ಹತ್ತು ಯಾರವು
- ಎರಡನೇ ಸಲ ಹಾಕಿಸಿಕೊಂಡವರು
- ತಾಟಿನಲ್ಲಿ ಬಿಟ್ಟವರು
- ಹಾಜರಿ ಇದ್ದೂ ಊಟಕ್ಕೆ ಕೂರದವರು

ಯಾವ ಮಗುವಿನ ಹೆಸರನ್ನೂ ಬರೆಯಬೇಡಿ. ನೋಟ್‌ಬುಕ್ ಹಿಡಿದು ನಿಂತ ಮೊದಲ ದಿನ ಎಲ್ಲರೂ ಹುಷಾರಾಗಿರುತ್ತಾರೆ. ಅಂದಿನ ಲೆಕ್ಕ ಬಿಟ್ಟು ಎರಡನೇ ದಿನದಿಂದ ಹಿಡಿಯಿರಿ.

ವಾರದಲ್ಲಿ ಎರಡು ದಿನ 7ನೇ ತರಗತಿಯ ಐದು ಹುಡುಗರ, ಐದು ಹುಡುಗಿಯರ ತಾಟನ್ನು ಅನ್ನ ಹಾಕಿದ ಕೂಡಲೇ, ಸಾರು ಬೀಳುವ ಮೊದಲು, ತಕ್ಕಡಿಗೆ ಇಡಿ. ಖಾಲಿ ತಾಟಿನ ತೂಕ ಕಳೆಯಿರಿ. ಮಕ್ಕಳು ಏಕೆಂದು ಕೇಳಿದರೆ ಬಡಿಸುವ ಅಳತೆ ಎಲ್ಲರಿಗೂ ಒಂದೇ ಇದೆಯೇ ಎಂದು ನೋಡುತ್ತಿದ್ದೇವೆ ಎಂದು ಇದ್ದದ್ದನ್ನೇ ಹೇಳಿ. ಹುಡುಗಿಯರ ತಾಟಿನಲ್ಲಿ ಕಡಿಮೆ ಬಂದರೆ ಬಡಿಸಿದವರನ್ನು ಅಲ್ಲಿಯೇ ತರಾಟೆಗೆ ತೆಗೆದುಕೊಳ್ಳಬೇಡಿ. ಹೆಚ್ಚಿನ ಸಲ ಹುಡುಗಿ ತಾಟನ್ನು ಬೇಗ ಹಿಂದೆಗೆಯುತ್ತಾಳೆ, ಹುಡುಗ ಅಲ್ಲೇ ಹಿಡಿದು ನಿಲ್ಲುತ್ತಾನೆ. ಕೈ ಅಂದಾಜಿನಿಂದ ಬಡಿಸುವವರೆಗೆ ಯಾರು ಬಡಿಸಿದರೂ ಹೀಗೇ ಆಗುತ್ತದೆ.

ಅಳತೆಯನ್ನು ಕೈಯಿಂದ ಬಟ್ಟಲಿಗೆ ತನ್ನಿ

60 ಮಕ್ಕಳು 1ರಿಂದ 5ನೇ ತರಗತಿಯಲ್ಲಿ, 40 ಮಕ್ಕಳು 6ರಿಂದ 8ರಲ್ಲಿ ಇರುವ ಶಾಲೆಯ ಲೆಕ್ಕ ಹೀಗಾಗುತ್ತದೆ. ಚಿಕ್ಕವರಿಗೆ 6 ಕೆಜಿ ಅಕ್ಕಿ, ದೊಡ್ಡವರಿಗೂ 6 ಕೆಜಿ, ಒಟ್ಟು 12. ಬೇಳೆ 1.2 ಮತ್ತು 1.2, ಒಟ್ಟು 2.4 ಕೆಜಿ. ತರಕಾರಿ 6 ಕೆಜಿ, ಎಣ್ಣೆ 600 ಗ್ರಾಂ. 12 ಕೆಜಿ ಅಕ್ಕಿ ಬೆಂದರೆ ಸುಮಾರು 32 ಕೆಜಿ ಅನ್ನವಾಗುತ್ತದೆ. ಅಕ್ಕಿ ಹಳತೋ ಹೊಸತೋ ಎಂಬುದರ ಮೇಲೆ ಒಂದೆರಡು ಕೆಜಿ ಹೆಚ್ಚುಕಡಿಮೆ ಇರುತ್ತದೆ, ಆದ್ದರಿಂದ ನಿಮ್ಮ ಶಾಲೆಯ ಅನ್ನವನ್ನು ಒಂದು ಸಲ ಪೂರ್ತಿ ತೂಗಿಯೇ ಲೆಕ್ಕ ಹಾಕಿ.

ಈ 32 ಕೆಜಿಯನ್ನು ಒಂದೇ ಸುತ್ತಿನಲ್ಲಿ ಖಾಲಿ ಮಾಡಬಾರದು. 230 ಗ್ರಾಂ ಅನ್ನ ಹಿಡಿಯುವ ಸ್ಟೀಲ್ ಬಟ್ಟಲೊಂದನ್ನು ಆರಿಸಿ. ಚಿಕ್ಕವರಿಗೆ ಒಂದು ಬಟ್ಟಲು, ದೊಡ್ಡವರಿಗೆ ಒಂದೂವರೆ. 60 ಮಕ್ಕಳಿಗೆ 13.8 ಕೆಜಿ, 40 ಮಕ್ಕಳಿಗೆ 13.8 ಕೆಜಿ, ಎರಡೂ ಸೇರಿ 27.6. ಉಳಿದ 4.4 ಕೆಜಿಯನ್ನು ಬಡಿಸುವ ಮೊದಲೇ ಬೇರೆ ಪಾತ್ರೆಗೆ ತೆಗೆದು ಮುಚ್ಚಿಡಿ. ಇದು ಎರಡನೇ ಸುತ್ತಿನ ಪಾಲು. ಮೊದಲೇ ತೆಗೆದಿಡದಿದ್ದರೆ ಬೇಗ ಉಂಡು ಬೇಗ ಎದ್ದು ಬರುವವರಿಗೇ ಅದೆಲ್ಲ ಹೋಗುತ್ತದೆ. ಬೇಗ ಉಣ್ಣುವವರು ಯಾರೆಂಬುದು ನಿಮ್ಮ ನೋಟ್‌ಬುಕ್ಕಿನಲ್ಲೇ ಬಂದಿರುತ್ತದೆ.

ಒಂದೂವರೆ ಬಟ್ಟಲು ಅಂದಾಜಿಗೆ ಬಿಟ್ಟರೆ ಮತ್ತೆ ಮೊದಲಿನ ಕಥೆಯೇ. ದೊಡ್ಡವರಿಗೆಂದು 345 ಗ್ರಾಂ ಹಿಡಿಯುವ ಎರಡನೇ ಬಟ್ಟಲು ಇಟ್ಟರೆ ತಕರಾರಿಲ್ಲ. ಬಟ್ಟಲಿನ ಅಂಚಿಗೆ ಅನ್ನ ಸಮ ಮಾಡಿ ಹಾಕಬೇಕು, ಗೋಪುರ ಮಾಡಿ ಅಲ್ಲ.

ಸಾರಿನಲ್ಲಿ ಮೋಸ ಇನ್ನೂ ಸೂಕ್ಷ್ಮ. 2.4 ಕೆಜಿ ಬೇಳೆಗೆ ಸುಮಾರು 20 ಲೀಟರ್ ಸಾರು ಸರಿ. ಬೇಳೆ, ತರಕಾರಿ ತಳಕ್ಕೆ ಕೂರುತ್ತವೆ, ಮೇಲೆ ತಿಳಿ ನಿಲ್ಲುತ್ತದೆ. ಸೌಟನ್ನು ಮೇಲ್ಮೇಲೆ ಆಡಿಸಿದರೆ ಮೊದಲು ಬಂದವರಿಗೆ ತಿಳಿ, ಕೊನೆಯವರಿಗೆ ಗಟ್ಟಿ. ತಳದಿಂದ ಎತ್ತಿದರೆ ಮೊದಲಿನವರಿಗೆ ಗಟ್ಟಿ, ಕೊನೆಯವರಿಗೆ ಬಣ್ಣದ ನೀರು. ಹುಡುಗರು ಒಟ್ಟಿಗೆ ಮೊದಲು, ಹುಡುಗಿಯರು ಒಟ್ಟಿಗೆ ಕೊನೆಗೆ ಇರುವ ಸಾಲಿನಲ್ಲಿ ಎರಡರಲ್ಲಿ ಯಾವುದು ನಡೆದರೂ ಒಂದು ಗುಂಪಿಗೆ ಪ್ರೋಟೀನ್ ಕಡಿಮೆ ಬೀಳುತ್ತದೆ. ಅನ್ನದ ತೂಕ ಸಮವಾಗಿದ್ದರೂ ಈ ಕೊರತೆ ತಕ್ಕಡಿಯಲ್ಲಿ ಕಾಣದು. ಪರಿಹಾರ ಎರಡು: ಪ್ರತಿ ಹತ್ತು ತಾಟಿಗೊಮ್ಮೆ ಉದ್ದ ಸೌಟಿನಿಂದ ತಳ ಮುಟ್ಟಿ ತಿರುವುವುದು, ಮತ್ತು ದೊಡ್ಡ ಪಾತ್ರೆಯಿಂದ ನೇರ ಬಡಿಸದೆ ತಿರುವಿದ ಕೂಡಲೇ ಐದೈದು ಲೀಟರಿನ ನಾಲ್ಕು ಬಕೆಟ್ಟುಗಳಿಗೆ ಹಂಚಿಕೊಂಡು ಬಡಿಸುವುದು. ನಾಲ್ಕೂ ಬಕೆಟ್ಟಿನಿಂದ ಒಂದೊಂದು ಸೌಟು ತೆಗೆದು ತಾಟಿಗೆ ಸುರಿದು ನೋಡಿ, ಬೇಳೆ ಎಲ್ಲದರಲ್ಲೂ ಒಂದೇ ತರ ಇದ್ದರೆ ಹಂಚಿಕೆ ಸರಿಯಾಗಿದೆ.

ಕೂರುವ ಸಾಲು

ಚಿಕ್ಕ ತರಗತಿ ಮೊದಲು, ದೊಡ್ಡ ತರಗತಿ ನಂತರ. ಇದೊಂದು ಕ್ರಮ ಎಲ್ಲರೂ ಒಪ್ಪುವಂಥದ್ದು. ತರಗತಿಯ ಒಳಗೆ ಹಾಜರಿ ಪುಸ್ತಕದ ಕ್ರಮ ಬೇಡ, ಏಕೆಂದರೆ ಅನೇಕ ಶಾಲೆಗಳ ಹಾಜರಿಯಲ್ಲಿ ಹುಡುಗರ ಹೆಸರು ಮೊದಲು, ಹುಡುಗಿಯರ ಹೆಸರು ನಂತರ ಇರುತ್ತದೆ. ಹೆಸರಿನ ಮೊದಲ ಅಕ್ಷರದ ಪ್ರಕಾರ ಕೂರಿಸಿ, ವಾರಕ್ಕೊಮ್ಮೆ ಬಡಿಸುವ ತುದಿ ಬದಲಿಸಿ. 1ರಿಂದ 5ರವರೆಗೆ ಹುಡುಗ ಹುಡುಗಿಯರು ಬೆರೆತು ಕೂರುವುದಕ್ಕೆ ಯಾರೂ ಚಕಾರ ಎತ್ತುವುದಿಲ್ಲ. 7, 8ನೇ ತರಗತಿಯಲ್ಲಿ ಹುಡುಗಿಯರೇ ಬೇರೆ ಸಾಲು ಬೇಕೆಂದರೆ ಕೊಡಿ. ಬೆರೆತು ಕೂತು ಅರ್ಧ ಉಣ್ಣುವುದಕ್ಕಿಂತ ಬೇರೆ ಕೂತು ಪೂರ್ತಿ ಉಣ್ಣುವುದು ಮೇಲು. ಆದರೆ ಎರಡೂ ಸಾಲಿಗೆ ಒಂದೇ ಹೊತ್ತಿಗೆ, ಒಂದೇ ಪಾತ್ರೆಯಿಂದ ಬೀಳಬೇಕು.

ಹೆಸರಿನ ಕ್ರಮದಲ್ಲಿ ಕೂರಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಗೆಳತಿಯರ ಜೊತೆ ಕೂರಲಿ ಎಂದು ಬಿಟ್ಟಲ್ಲಿ ಓಣಿ ಓಣಿಯ ಸಾಲು, ಅಂದರೆ ಜಾತಿ ಜಾತಿಯ ಸಾಲು ತಾನಾಗಿ ಏಳುತ್ತದೆ. ಅದರಲ್ಲಿ ತುದಿಗೆ ಬೀಳುವವಳು ದಲಿತರ ಮನೆಯ ಹುಡುಗಿ. ಅವಳಿಗೆ ಹೆಣ್ಣೆಂಬ ಕಾರಣಕ್ಕೂ ಜಾತಿಯ ಕಾರಣಕ್ಕೂ ಎರಡು ಪಟ್ಟು ಪೆಟ್ಟು. ಇದನ್ನು ಕಂಡೂ ಕಾಣದಂತಿರುವುದು ಕಾನೂನಿನ ಪ್ರಕಾರವೂ ತಪ್ಪು, ಮನುಷ್ಯತ್ವದ ಪ್ರಕಾರವೂ ತಪ್ಪು.

ಎರಡನೇ ಸುತ್ತು

"ಯಾರಿಗೆ ಬೇಕು?" ಎಂದು ದೂರದಿಂದ ಕೂಗಿದರೆ ಹುಡುಗರ ಕೈ ಮೇಲೇಳುತ್ತದೆ, ಹುಡುಗಿಯರು ತಲೆ ತಗ್ಗಿಸುತ್ತಾರೆ. ಹತ್ತಿರ ಹೋಗಿ "ಬೇಕಾ?" ಎಂದರೂ "ಸಾಕ್ರೀ" ಎಂಬ ಉತ್ತರವೇ ಬರುತ್ತದೆ. ಹೆಣ್ಣುಮಕ್ಕಳು ಬೇಕು ಅನ್ನಬಾರದೆಂದು ಮನೆಯಲ್ಲಿ ಕಲಿತು ಬಂದಿರುತ್ತಾರೆ. ಆದ್ದರಿಂದ ಕೇಳುವ ರೀತಿ ಬದಲಿಸಿ. ಪಾತ್ರೆ ಹಿಡಿದು ಮೊದಲ ಸುತ್ತು ಮುಗಿದ ತುದಿಯಿಂದ ಶುರುಮಾಡಿ, ಪ್ರತಿಯೊಬ್ಬರ ಮುಂದೆಯೂ ನಿಂತು, ಸೌಟಿನಲ್ಲಿ ಅನ್ನ ತುಂಬಿಕೊಂಡೇ "ಅರ್ಧ ಹಾಕ್ಲ್ಯೋ, ಪೂರ್ತಿ ಹಾಕ್ಲ್ಯೋ?" ಎಂದು ಕೇಳಿ. ಬೇಡವಾದವರು ತಾಟಿನ ಮೇಲೆ ಕೈ ಅಡ್ಡ ಹಿಡಿಯುತ್ತಾರೆ, ಒತ್ತಾಯ ಮಾಡಬೇಡಿ. ಮೊದಲ ಎಂಟು-ಹತ್ತು ದಿನ ಅಂಥ ವ್ಯತ್ಯಾಸ ಕಾಣದಿದ್ದರೂ ಬಿಡಬೇಡಿ.

ದೊಡ್ಡ ಹುಡುಗಿಯರು ಆಗಲೂ ಕಡಿಮೆ ಉಂಡರೆ ಅಡುಗೆ ಕೋಣೆಯ ಕಡೆಗಲ್ಲ, ಶೌಚಾಲಯದ ಕಡೆಗೆ ಹೋಗಿ ನೋಡಿ. ಬಾಗಿಲಿಗೆ ಚಿಲಕವಿಲ್ಲದೆ, ನೀರಿಲ್ಲದೆ ಇದ್ದರೆ ಅವರು ಬೆಳಿಗ್ಗೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿರುತ್ತಾರೆ. ನೀರು ಕುಡಿಯದ ಬಾಯಿಗೆ ಅನ್ನ ಇಳಿಯುವುದಿಲ್ಲ. ಚಿಲಕ ಹಾಕಿಸಿ, ಒಂದು ಬಕೆಟ್ ನೀರು ಸದಾ ತುಂಬಿರುವಂತೆ ನೋಡಿಕೊಂಡರೆ ಬಿಸಿಯೂಟದ ಲೆಕ್ಕವೂ ಬದಲಾಗುತ್ತದೆ. ಎರಡನೆಯ ಕಾರಣ ಹೊತ್ತು. ಊಟದ ಮೊದಲ ಹತ್ತು ನಿಮಿಷ ಕೆಲಸದಲ್ಲಿ ಕಳೆದವಳಿಗೆ ಉಣ್ಣಲು ಹೊತ್ತೇ ಉಳಿದಿರುವುದಿಲ್ಲ.

ಮೊಟ್ಟೆ, ಬಾಳೆಹಣ್ಣು

2024ರಿಂದ ವಾರದ ಆರೂ ದಿನ ಮೊಟ್ಟೆ ಕೊಡುವ ವ್ಯವಸ್ಥೆ ರಾಜ್ಯದಲ್ಲಿ ಬಂದಿದೆ. ತಿನ್ನದವರಿಗೆ ಬಾಳೆಹಣ್ಣು. ಮೊಟ್ಟೆ ಪಟ್ಟಿ ಮಾಡುವಾಗ ಮನೆತನ ನೋಡಿ ಬರೆಯಬೇಡಿ, ಮಗುವನ್ನೂ ಪಾಲಕರನ್ನೂ ಕೇಳಿ ಬರೆಯಿರಿ. ಪಟ್ಟಿ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ: ಒಂದೇ ಮನೆಯ ಅಣ್ಣ-ತಂಗಿ, ಅಕ್ಕ-ತಮ್ಮಂದಿರ ಹೆಸರು ಎದುರುಬದುರು ಇಟ್ಟು ನೋಡಿ. ಹುಡುಗ ಮೊಟ್ಟೆ, ಹುಡುಗಿ ಬಾಳೆಹಣ್ಣು ಎಂದಿರುವ ಜೋಡಿ ಸಿಕ್ಕರೆ ಅಲ್ಲಿ ಮಾತಾಡುವುದಿದೆ. ಮೊಟ್ಟೆ ತಿಂದರೆ ಹುಡುಗಿ ಬೇಗ ದೊಡ್ಡವಳಾಗುತ್ತಾಳೆ ಎಂಬ ಅಂಜಿಕೆ ಕೆಲವು ತಾಯಂದಿರಲ್ಲಿ ಇದೆ. ಅದನ್ನು ಸಭೆಯಲ್ಲಿ ಎತ್ತಿ ಅವರನ್ನು ನಾಚಿಸಬೇಡಿ. ಆಶಾ ಕಾರ್ಯಕರ್ತೆಯ ಜೊತೆ ಮನೆಗೆ ಹೋಗಿ ಹೇಳಿದರೆ ಕೇಳುತ್ತಾರೆ. ಇಡೀ ಮನೆಯೇ ಮೊಟ್ಟೆ ಮುಟ್ಟದ್ದಾದರೆ ಅದು ಅವರ ಆಚಾರ, ಅಲ್ಲಿ ವಾದ ಬೇಡ.

ಕಸಬರಿಗೆಯ ಪಾಳಿ

ಅತಿ ಹೆಚ್ಚು ಹಠ ಎದುರಾಗುವುದು ಇಲ್ಲಿ. 6ರಿಂದ 8ನೇ ತರಗತಿಯ ಮಕ್ಕಳನ್ನು ಎಂಟೆಂಟು ಜನರ ಗುಂಪು ಮಾಡಿ. ಪ್ರತಿ ಗುಂಪಿನಲ್ಲೂ ಹುಡುಗ ಹುಡುಗಿ ಇಬ್ಬರೂ ಇರಲಿ. ಕೆಲಸಗಳು: ಗುಡಿಸಿ ಜಮಖಾನೆ ಹಾಸುವುದು, ಚಿಕ್ಕವರ ಕೈಗೆ ನೀರು ಹಾಕಿ ಸೋಪು ಕೊಡುವುದು, ತಾಟು ಹಂಚುವುದು, ಮುಸುರೆ ಬಕೆಟ್ ನೋಡಿಕೊಳ್ಳುವುದು, ಉಂಡ ಜಾಗ ಒರೆಸುವುದು. ಪಟ್ಟಿಯಲ್ಲಿ ಗುಂಪಿನ ಹೆಸರು ಸಾಲದು, ಪ್ರತಿ ಕೆಲಸದ ಮುಂದೆ ಮಗುವಿನ ಹೆಸರು ಇರಬೇಕು. "ಈ ವಾರ ಎರಡನೇ ಗುಂಪು" ಎಂದಷ್ಟೇ ಬರೆದರೆ ಹುಡುಗಿಯರು ಗುಡಿಸುತ್ತಾರೆ, ಹುಡುಗರು ತಾಟು ಹಂಚಿ ಮೇಸ್ತ್ರಿಗಿರಿ ಮಾಡುತ್ತಾರೆ. ಗುಂಪಿನ ಪಾಳಿ ಬಂದಾಗಲೆಲ್ಲ ಕೆಲಸ ಒಂದು ಮನೆ ಮುಂದಕ್ಕೆ ಸರಿಯಲಿ, ಐದು ಪಾಳಿಗೆ ಎಲ್ಲರೂ ಎಲ್ಲ ಕೆಲಸ ಮಾಡಿರುತ್ತಾರೆ.

ಹುಡುಗರಿಗೆ ಕಲಿಸದೆ ಕೆಲಸ ಕೊಟ್ಟರೆ ಪಾಳಿ ಎರಡನೇ ವಾರವೇ ಮುರಿಯುತ್ತದೆ. ಧೂಳೇಳದಂತೆ ನೀರು ಚಿಮುಕಿಸುವುದು, ಗೋಡೆಯ ಕಡೆಯಿಂದ ಬಾಗಿಲ ಕಡೆಗೆ ಗುಡಿಸುವುದು, ಅರಿವೆ ಹಿಂಡಿ ಒರೆಸುವುದು ಇವೆಲ್ಲ ಕಲಿತು ಬರುವ ಕೆಲಸಗಳು. ಹುಡುಗಿಗೆ ಮನೆಯಲ್ಲಿ ಏಳೆಂಟು ವರ್ಷಕ್ಕೇ ಕಲಿಸಿರುತ್ತಾರೆ, ಹುಡುಗನಿಗೆ ಯಾರೂ ಕಲಿಸಿರುವುದಿಲ್ಲ. ಒಬ್ಬ ಗಂಡು ಶಿಕ್ಷಕರು ಕಸಬರಿಗೆ ಹಿಡಿದು ತೋರಿಸಿಕೊಡುವುದು ಒಳ್ಳೆಯದು. ಮೊದಲ ಎರಡು ವಾರ ಹತ್ತು ನಿಮಿಷ ಹೆಚ್ಚು ಕೊಡಿ. ಆ ಹತ್ತು ನಿಮಿಷ ಉಳಿಸಲು ಹೋಗಿ "ಹುಡುಗ್ಯಾರು ಅಚ್ಚುಕಟ್ಟ ಮಾಡ್ತಾರ, ಅವರಿಗೇ ಬಿಡ್ರಿ" ಎನ್ನುವವರು ನಮ್ಮ ನಡುವೆಯೇ ಇದ್ದಾರೆ. ಒಂದು ಸಲ ಆ ಮಾತು ಮಕ್ಕಳ ಕಿವಿಗೆ ಬಿದ್ದರೆ ಪಟ್ಟಿ ಗೋಡೆಯ ಮೇಲೆ ಉಳಿಯುತ್ತದೆ ಅಷ್ಟೆ.

"ನಮ್ಮ ಹುಡುಗನ ಕೈಯಾಗ ಕಸಬರಿಗಿ ಕೊಟ್ಟೀರಿ" ಎಂದು ಪಾಲಕರು ಬರುವುದು ಖಂಡಿತ. ಪಾಳಿ ಪಟ್ಟಿ ತೋರಿಸಿ. ಎಲ್ಲ ಮಕ್ಕಳ ಹೆಸರೂ ಎಲ್ಲ ಕೆಲಸದ ಮುಂದೆಯೂ ಇರುವುದನ್ನು ಕಂಡರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಮುಖ್ಯ ಶಿಕ್ಷಕರ ಮಗ ಅಥವಾ ಅಧ್ಯಕ್ಷರ ಮಗ ಆ ಪಟ್ಟಿಯಲ್ಲಿಲ್ಲದಿದ್ದರೆ ಮಾತ್ರ ನಿಲ್ಲುವುದಿಲ್ಲ.

ಕೆಲವು ಕೆಲಸ ಯಾವ ಮಗುವಿಗೂ ಬೇಡ: ಬಿಸಿ ಪಾತ್ರೆ ಹೊರುವುದು, ಒಲೆಯ ಹತ್ತಿರ ಹೋಗುವುದು, ಬೋರ್‌ವೆಲ್ಲಿನಿಂದ ಕೊಡ ಹೊತ್ತು ತರುವುದು, ಶೌಚಾಲಯ ತೊಳೆಯುವುದು. ಅಡುಗೆಯವರು ರಜೆ ಹಾಕಿದ ದಿನ 7ನೇ ತರಗತಿಯ ಹುಡುಗಿಯರನ್ನು ತರಗತಿಯಿಂದ ಎಬ್ಬಿಸಿ ಕಾಯಿಪಲ್ಯ ಹೆಚ್ಚಲು ಕರೆಯುವುದು ಮೊದಲು ನಿಲ್ಲಬೇಕು. ಬದಲಿಗೆ ಬರುವ ಇಬ್ಬರು ಪಾಲಕರ ಹೆಸರನ್ನು ಜೂನ್‌ನಲ್ಲೇ ಬರೆದಿಟ್ಟುಕೊಳ್ಳಿ. ಪ್ರತಿ ಮಗುವೂ ತನ್ನ ತಾಟು ತಾನೇ ತೊಳೆಯಬೇಕು. ತಮ್ಮನ ತಾಟು ಅಕ್ಕ ತೊಳೆಯುವುದು ಒಂದನೇ ತರಗತಿಯಲ್ಲೇ ಶುರುವಾಗುತ್ತದೆ, ಅಲ್ಲೇ ತಡೆಯಿರಿ.

ಮುಟ್ಟಿನ ದಿನಗಳು ಬಂದಾಗ ತಾಟು ಹಂಚುವ ಪಾಳಿಯಲ್ಲಿದ್ದ ಹುಡುಗಿ ಶಾಲೆಗೇ ಬರದೆ ಉಳಿಯುವುದುಂಟು, ಇಲ್ಲವೇ ಬೇರೆ ಹುಡುಗಿಯರೇ ಅವಳನ್ನು ದೂರ ನಿಲ್ಲಿಸುವುದುಂಟು. ಮುಟ್ಟಾದವಳು ತಾಟು ಹಂಚಬಾರದು, ಅಡುಗೆ ಕೋಣೆಗೆ ಬರಬಾರದು ಎಂಬ ನಿಯಮ ಶಾಲೆಯಲ್ಲಿ ಇಲ್ಲ ಎಂದು ಮುಖ್ಯ ಶಿಕ್ಷಕರು ಪ್ರಾರ್ಥನೆಯ ಹೊತ್ತಿನಲ್ಲಿ ಅಲ್ಲ, ಅಕ್ಕೋರ ಮೂಲಕ ತರಗತಿಯಲ್ಲಿ ಸ್ಪಷ್ಟವಾಗಿ ಹೇಳಿಸಲಿ. ಅದರ ಜೊತೆಗೆ ಒಂದು ಸವಲತ್ತು ಇಡಿ: ಹುಡುಗನೇ ಆಗಲಿ, ಹುಡುಗಿಯೇ ಆಗಲಿ, ತಿಂಗಳಿಗೆ ಮೂರು ದಿನ ಕಾರಣ ಹೇಳದೆ ಪಾಳಿ ಬದಲಿಸಿಕೊಳ್ಳಬಹುದು. ಪಟ್ಟಿಯ ಪಕ್ಕದ ಡಬ್ಬಿಯಲ್ಲಿ ಚೀಟಿ ಹಾಕಿದರೆ ಸಾಕು. ಹುಡುಗರೂ ಅದನ್ನು ಬಳಸುವುದರಿಂದ ಚೀಟಿ ಹಾಕಿದವಳ ಗುಟ್ಟು ಬಯಲಾಗುವುದಿಲ್ಲ.

ಅಡುಗೆಯವರು

ಮಕ್ಕಳು ದಿನವೂ ನೋಡುವ ಪಾಠ ಇದು. ಬಿಸಿಯೂಟದ ಅಡುಗೆಯವರು ಬಹುಪಾಲು ಹೆಂಗಸರು, ಅವರಲ್ಲಿ ಗಂಡನಿಲ್ಲದವರು, ಭೂಮಿಯಿಲ್ಲದ ಮನೆಯವರು ಅನೇಕರು. ಕೇಂದ್ರದ ಮಾರ್ಗಸೂಚಿಯಂತೆ 25 ಮಕ್ಕಳವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು, ನಂತರದ ಪ್ರತಿ 100ಕ್ಕೆ ಇನ್ನೊಬ್ಬರು. 2009ರಲ್ಲಿ ಗೊತ್ತುಮಾಡಿದ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು ಎಂಬುದು ಕೇಂದ್ರದ ಗೌರವಧನ. ಅದರ ಮೇಲೆ ರಾಜ್ಯ ಸೇರಿಸಿ ಕೊಡುತ್ತದೆ. ಗೌರವಧನ ಹೆಚ್ಚಿಸುವುದು ಶಾಲೆಯ ಕೈಯಲ್ಲಿಲ್ಲ, ಆದರೆ ಅದು ತಡವಾದಾಗ ತಾಲೂಕು ಪಂಚಾಯತಿಯ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಆ ತಿಂಗಳೇ ಬರೆಯುವುದು ಕೈಯಲ್ಲಿದೆ.

ಭಾರದ ಲೆಕ್ಕ ಹಾಕಿ ನೋಡಿ. 12 ಕೆಜಿ ಅಕ್ಕಿ, 24 ಲೀಟರ್ ನೀರು, ಅದರ ಮೇಲೆ ಪಾತ್ರೆಯ ತೂಕ. 40 ಕೆಜಿ ದಾಟುತ್ತದೆ, ಕುದಿಯುತ್ತಲೂ ಇರುತ್ತದೆ. ಅದನ್ನು ಇಬ್ಬರು ಹೆಂಗಸರು ಬಟ್ಟೆ ಸುತ್ತಿದ ಕೈಯಲ್ಲಿ ಇಳಿಸುತ್ತಾರೆ. ಒಂದೇ ದೊಡ್ಡ ಪಾತ್ರೆಯ ಬದಲು 6 ಕೆಜಿಯ ಎರಡು ಪಾತ್ರೆ, ಎರಡೂ ಕಡೆ ಗಟ್ಟಿ ಹಿಡಿ, ಮೊಣಕಾಲೆತ್ತರದ ಒಲೆಕಟ್ಟೆ ಇಷ್ಟಿದ್ದರೆ ಬೆನ್ನು ಉಳಿಯುತ್ತದೆ. 50 ಕೆಜಿಯ ಅಕ್ಕಿ ಚೀಲವನ್ನು ಅವರಿಂದ ಎಳೆಸಬೇಡಿ. ಇಳಿಸಿದ ದಿನವೇ ಎಸ್‌ಡಿಎಂಸಿಯ ಗಂಡಸರು ಅದನ್ನು ಚಿಕ್ಕ ಡಬ್ಬಗಳಿಗೆ ಸುರಿದುಕೊಡಲಿ. ಸಿಲಿಂಡರ್ ಬದಲಿಸುವುದು, ರೆಗ್ಯುಲೇಟರ್ ಹಾಕುವುದು, ಪೈಪಿಗೆ ಸೋಪಿನ ನೀರು ಹಚ್ಚಿ ಸೋರಿಕೆ ನೋಡುವುದನ್ನು ಅಡುಗೆಯವರಿಗೂ ಕಲಿಸಿ, ಒಬ್ಬ ಶಿಕ್ಷಕರಿಗೂ ಕಲಿಸಿ.

ದಾಸ್ತಾನು ಪುಸ್ತಕದಲ್ಲಿ ಇಂದು ತೆಗೆದ ಅಕ್ಕಿ, ಬೇಳೆ ಎಷ್ಟು ಎಂಬುದನ್ನು ಮುಖ್ಯ ಅಡುಗೆಯವರೇ ತೂಗಿ ಹೇಳಬೇಕು, ಬರೆದದ್ದನ್ನು ಅವರಿಗೆ ಓದಿ ತೋರಿಸಿ ಸಹಿ ಹಾಕಿಸಬೇಕು. ತಿಂಗಳ ಕೊನೆಯಲ್ಲಿ ಖಾಲಿ ಸಾಲುಗಳಿಗೆ ಒಟ್ಟಿಗೆ ಸಹಿ ತೆಗೆದುಕೊಳ್ಳುವುದು ಅವರನ್ನು ಸಿಕ್ಕಿಸುವ ಕೆಲಸ. ಲೆಕ್ಕ ತಪ್ಪಿದಾಗ ಮೊದಲು ಬೆರಳು ತೋರುವುದು ಅವರ ಕಡೆಗೇ. ಅವರಿಂದ ತರಗತಿ ಗುಡಿಸಿಸುವುದು, ಚಹಾ ಮಾಡಿಸುವುದು ಬೇಡ. ಹೆಸರು ಹಿಡಿದು ಏಕವಚನದಲ್ಲಿ ಕರೆಯುವುದಂತೂ ಬೇಡವೇ ಬೇಡ. ಗುರುಗಳು "ಅಕ್ಕಾರ, ಉಂಡ್ರ್ಯಾ?" ಎಂದು ಕೇಳುವ ಶಾಲೆಯಲ್ಲಿ ಮಕ್ಕಳೂ ಹಾಗೇ ಕೇಳುತ್ತಾರೆ. ಅಡುಗೆಯವರಿಗೆ ಎಲ್ಲರೂ ಎದ್ದ ಮೇಲೆ ತಳದ ಸೀಕಲು ಉಳಿಯದಂತೆ ಅವರ ಪಾಲನ್ನೂ ಮೊದಲೇ ತೆಗೆದಿಡಿ.

ಹುಬ್ಬಳ್ಳಿ-ಧಾರವಾಡದ ಅನೇಕ ಶಾಲೆಗಳಿಗೆ ಅಕ್ಷಯ ಪಾತ್ರೆ ಸಂಸ್ಥೆಯ ಅಡುಗೆಮನೆಯಿಂದ ಡಬ್ಬಿಯಲ್ಲಿ ಊಟ ಬರುತ್ತದೆ. ಅಲ್ಲಿ ಬೇಯಿಸುವ ಅಳತೆ ನಿಮ್ಮ ಕೈಯಲ್ಲಿರದು, ಬಡಿಸುವ ಅಳತೆ ಪೂರ್ತಿ ನಿಮ್ಮದೇ. ಬಂದ ಡಬ್ಬಿಗಳನ್ನು ತೂಗಿ ಮಕ್ಕಳ ಸಂಖ್ಯೆಗೆ ಭಾಗಿಸಿ, ಉಳಿದದ್ದೆಲ್ಲ ಮೇಲಿನಂತೆಯೇ. ವ್ಯಾನಿನಿಂದ ಬಿಸಿ ಡಬ್ಬಿ ಇಳಿಸಲು ಎಂಟನೇ ತರಗತಿಯ ಹುಡುಗರನ್ನು ಕಳಿಸುವುದೂ ತಪ್ಪೇ. ಗಟ್ಟಿ ಹುಡುಗ ಎಂದು ಅವನ ಕಾಲ ಮೇಲೆ ಸಾರು ಬೀಳುವುದು ತಪ್ಪುವುದಿಲ್ಲ.

ತಾಯಂದಿರ ಜೊತೆ ತಂದೆಯರನ್ನೂ ಕರೆಯಿರಿ

ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟಾರೆ ಅರ್ಧದಷ್ಟು ಹೆಂಗಸರು ಇರಬೇಕು. ಪಟ್ಟಿಯಲ್ಲಿ ಇರುತ್ತಾರೆ, ಸಭೆಯಲ್ಲಿ ಇರುವುದಿಲ್ಲ. ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಕೂಲಿ ಬಿಟ್ಟು ಯಾವ ತಾಯಿ ಬಂದಾಳು? ಊರಿನ ಸಂತೆಯ ದಿನ ಅಥವಾ ಅಮಾವಾಸ್ಯೆಯ ದಿನ, ಹೊಲದ ಕೆಲಸ ಕಡಿಮೆ ಇರುವಾಗ, ಸಂಜೆ ಇಡಿ. ಮೊದಲ ಮಾತು ಹೆಂಗಸರದಾಗಲಿ. ಅಧ್ಯಕ್ಷರು ಮಾತಾಡಿದ ಮೇಲೆ ಉಳಿದವರು ಹೂಂಗುಟ್ಟಿ ಏಳುತ್ತಾರೆ.

ರುಚಿ ನೋಡಿ ಸಹಿ ಹಾಕುವ ಪಾಳಿಗೆ ಬರೀ ತಾಯಂದಿರನ್ನೇ ಕರೆಯುವುದು ರೂಢಿಯಾಗಿದೆ. ಅಡುಗೆ ನೋಡುವುದು ಹೆಂಗಸರ ಕೆಲಸವೆಂದು ನಾವೇ ಮುದ್ರೆ ಒತ್ತಿದಂತೆ. ಒಂದು ವಾರ ತಾಯಿ, ಒಂದು ವಾರ ತಂದೆ ಎಂದು ಬರೆಯಿರಿ. ಬಂದ ತಂದೆ ರುಚಿ ನೋಡಿದ್ದಷ್ಟೇ ಅಲ್ಲ, ಆ ದಿನ ಬಡಿಸಲೂ ಬೇಕು. ಬಾರದಿದ್ದರೆ ಹೆಂಡತಿಯನ್ನು ಬದಲಿಗೆ ಕಳಿಸುವುದನ್ನು ಒಪ್ಪಬೇಡಿ, ಮುಂದಿನ ವಾರ ಅವರ ಹೆಸರನ್ನೇ ಮತ್ತೆ ಬರೆಯಿರಿ.

ಸುಗ್ಗಿ ಬಂದಾಗ ಊಟದ ಪುಸ್ತಕ ನೋಡಿ

ನವಲಗುಂದ, ನರಗುಂದ, ರೋಣದ ಕಡೆ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಹೆಸರುಕಾಳು ಬಿಡಿಸುವ ಕಾಲ, ಅದರ ಹಿಂದೆಯೇ ಹತ್ತಿ, ನಂತರ ಮೆಣಸಿನಕಾಯಿ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಸುತ್ತ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿನ ಕ್ರಾಸಿಂಗ್ ಕೆಲಸ, ಅಂದರೆ ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಕೈಯಿಂದ ಹಚ್ಚುವುದು. ಸಣ್ಣ ಕೈ, ಚುರುಕು ಬೆರಳು ಎಂದು ಹುಡುಗಿಯರನ್ನೇ ಕರೆಯುತ್ತಾರೆ. ಹೊಲಕ್ಕೆ ಹೋಗದಿದ್ದರೆ ಹೊಲಕ್ಕೆ ಹೋದ ತಾಯಿಯ ಕೂಸನ್ನು ಹಿಡಿದು ಮನೆಯಲ್ಲಿರುತ್ತಾಳೆ. ಮುಂಡರಗಿ, ಶಿರಹಟ್ಟಿ ಕಡೆ ಬರ ಬಿದ್ದ ವರ್ಷ ಮನೆಮಂದಿಯೆಲ್ಲ ಗುಳೆ ಹೋಗುತ್ತಾರೆ.

ಬಿಸಿಯೂಟದ ದಿನದ ಲೆಕ್ಕದಲ್ಲಿ ಉಂಡವರ ಸಂಖ್ಯೆಯನ್ನು ಹುಡುಗರು, ಹುಡುಗಿಯರು ಎಂದು ಬೇರೆ ಬರೆದರೆ ಸಾಕು, ಇದೆಲ್ಲ ಅದರಲ್ಲೇ ಕಾಣುತ್ತದೆ. ಒಂದು ತರಗತಿಯಲ್ಲಿ ಹುಡುಗಿಯರ ಸಂಖ್ಯೆ ಮೂರು ದಿನ ಸತತ ಐದರಲ್ಲೊಂದು ಪಾಲು ಇಳಿದು, ಹುಡುಗರದು ಇಳಿಯದಿದ್ದರೆ ನಾಲ್ಕನೇ ದಿನ ಮನೆಗೆ ಹೋಗಿ. ತಿಂಗಳ ಕೊನೆಯವರೆಗೆ ಕಾದರೆ ಅವಳಿಗೆ ಶಾಲೆ ತಪ್ಪಿದ ರೂಢಿಯಾಗಿರುತ್ತದೆ. ಕೂಸಿನ ಕಾರಣಕ್ಕೆ ಉಳಿದವಳಾದರೆ ಅಂಗನವಾಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ, ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಕೇಳಿಕೊಂಡು ಅಲ್ಲಿನ ಕಾರ್ಯಕರ್ತೆಯ ಜೊತೆ ಮಾತಾಡಿ. ಬರಪೀಡಿತ ಎಂದು ಘೋಷಣೆಯಾದ ತಾಲೂಕಿನಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ನಡೆಯುವಾಗ ಹುಡುಗಿಯರು ಒಬ್ಬೊಬ್ಬರೇ ಬರುವುದಿಲ್ಲ. ಓಣಿಯ ನಾಲ್ಕೈದು ಮಕ್ಕಳು ಜೊತೆಯಾಗಿ ಬರುವ ಗುಂಪು ಮಾಡಿಕೊಟ್ಟರೆ ಬರುತ್ತಾರೆ.

ಕಬ್ಬಿಣಾಂಶದ ಗುಳಿಗೆ

ವಾರಕ್ಕೊಂದು ಗುಳಿಗೆ. ಕಿರಿಯರಿಗೆ ಗುಲಾಬಿ ಬಣ್ಣದ್ದು, 45 ಮಿಲಿಗ್ರಾಂ ಕಬ್ಬಿಣಾಂಶ. 10 ವರ್ಷ ದಾಟಿದವರಿಗೆ ನೀಲಿ, 60 ಮಿಲಿಗ್ರಾಂ. ಉಂಡ ಮೇಲೆಯೇ ಕೊಡಿ, ಬರಿಹೊಟ್ಟೆಗೆ ಕೊಟ್ಟರೆ ಹೊಟ್ಟೆ ತೊಳಸುತ್ತದೆ. ಒಬ್ಬ ಹುಡುಗಿ ವಾಂತಿ ಮಾಡಿದರೆ ಮುಂದಿನ ವಾರ ಅರ್ಧ ತರಗತಿ ಗುಳಿಗೆಯನ್ನು ಜೇಬಿಗೆ ಹಾಕಿಕೊಳ್ಳುತ್ತದೆ. ಹಾಲಿನ ಜೊತೆ ಬೇಡ, ಹಾಲಿನ ಸುಣ್ಣದ ಅಂಶ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಗುಳಿಗೆಯ ದಿನ ಸಾರಿಗೆ ನಿಂಬೆಹಣ್ಣು ಹಿಂಡಿ, ರಾಜಗಿರಿ ಅಥವಾ ನುಗ್ಗೆಸೊಪ್ಪು ಹಾಕಿ. ಮಲ ಕಪ್ಪಾಗುತ್ತದೆ, ಅದರಿಂದ ಅಪಾಯವಿಲ್ಲ ಎಂದು ಮೊದಲೇ ಹೇಳಿ. ಹುಡುಗರಿಗೂ ಅದೇ ಸಾಲಿನಲ್ಲಿ, ಅದೇ ಹೊತ್ತಿಗೆ ಕೊಡಿ. ಹುಡುಗಿಯರಿಗೆ ಮಾತ್ರ ಕೊಟ್ಟ ಕಡೆ ಇದು ಮಕ್ಕಳಾಗದಂತೆ ಮಾಡುವ ಗುಳಿಗೆ ಎಂಬ ಸುದ್ದಿ ಹುಟ್ಟಿಕೊಳ್ಳುತ್ತದೆ. ವರ್ಷಕ್ಕೆ ಎರಡು ಸಲ ಕೊಡುವ ಜಂತುಹುಳುವಿನ ಗುಳಿಗೆ ತಪ್ಪಿದರೆ ಕಬ್ಬಿಣಾಂಶ ಕೊಟ್ಟೂ ಪ್ರಯೋಜನ ಕಡಿಮೆ.

ಮೂರು ತಿಂಗಳ ನಂತರ

ಮೊದಲ ವಾರದ ನೋಟ್‌ಬುಕ್ ತೆಗೆದು ಅದೇ ಐದು ಸಾಲುಗಳನ್ನು ಮತ್ತೆ ಬರೆಯಿರಿ. ಕಸಬರಿಗೆಯ ಸಾಲು ಬೇಗ ಸಮವಾಗುತ್ತದೆ, ಎರಡನೇ ಸಲ ಹಾಕಿಸಿಕೊಳ್ಳುವ ಸಾಲು ನಿಧಾನ, ಊಟಕ್ಕೆ ಕೂರದವರ ಸಾಲು ಶೌಚಾಲಯ ಸರಿಯಾಗುವವರೆಗೆ ಅಲುಗುವುದಿಲ್ಲ. ಹಿಂದಿನ, ಈಗಿನ ಸಂಖ್ಯೆಗಳನ್ನು ಎಸ್‌ಡಿಎಂಸಿ ಸಭೆಯಲ್ಲಿ ಓದಿ ನಡಾವಳಿಯಲ್ಲಿ ಬರೆಸಿ. ನಡಾವಳಿಗೆ ಸೇರಿದ್ದು ಮುಖ್ಯ ಶಿಕ್ಷಕರು ವರ್ಗವಾಗಿ ಹೋದ ಮೇಲೂ ಉಳಿಯುತ್ತದೆ. ವರ್ಗವಾಗುವವರು ಬಿಸಿಯೂಟದ ದಾಸ್ತಾನು ಒಪ್ಪಿಸುವಾಗ ಎರಡು ಅಳತೆ ಬಟ್ಟಲು, ಪಾಳಿ ಪಟ್ಟಿ, ಬದಲಿ ಪಾಲಕರ ಹೆಸರು ಮತ್ತು ಈ ನೋಟ್‌ಬುಕ್ಕನ್ನು ಪಟ್ಟಿಯಲ್ಲಿ ಸೇರಿಸಿ, ಮುಖ್ಯ ಅಡುಗೆಯವರ ಎದುರಿಗೇ ಒಪ್ಪಿಸಿ ಸಹಿ ಪಡೆಯಬೇಕು.